ಗಟ್ಟಿ ರಾಡ್ ಹಾಕಿದರೆ ವಿಮಾನದ ಪೈಪು ಗಟ್ಟಿಯಾಗುತ್ತದೆಯೇ? ಗ್ಯಾಸ್ ವೆಲ್ಡಿಂಗ್ ಬಗ್ಗೆ ಓಡಾಡುತ್ತಿರುವ ಮಾತುಗಳ ಸತ್ಯಾಸತ್ಯ

ಬೆಳಗಾವಿಯ ಮಹಾಂತೇಶ ನಗರದ ಓದುಗರೊಬ್ಬರು ನಮಗೊಂದು ವಿಡಿಯೊ ಕಳಿಸಿ, ‘ಇದರಲ್ಲಿ ಹೇಳಿರುವುದು ನಿಜವೇ?’ ಎಂದು ಕೇಳಿದ್ದಾರೆ. ಯುವಕನೊಬ್ಬ ಮನೆಯ ಅಂಗಳದಲ್ಲೇ ಪೈಪು ಜೋಡಿಸಿ ಹಾರುವ ಯಂತ್ರ ಕಟ್ಟುವ ವಿಡಿಯೊ ಅದು. ಇಂಥವು ಮೊಬೈಲಿನಿಂದ ಮೊಬೈಲಿಗೆ ಧಾರಾಳವಾಗಿ ಓಡಾಡುತ್ತಿವೆ. ಓದುಗರು ಮತ್ತು ಅವರ ಇಬ್ಬರು ಗೆಳೆಯರಿಗೆ ಪ್ಯಾರಾಮೋಟರಿಗೆ ಮೂರು ಗಾಲಿಯ ಚೌಕಟ್ಟು ಮಾಡುವ ಆಸೆ. ಆಟೋ ನಗರದಲ್ಲಿ ಅವರಿಗೆ ಸಿಕ್ಕ ಸಲಹೆ ಇಷ್ಟು: ‘ಗಟ್ಟಿ ರಾಡ್ ಹಾಕ್ರಿ, ಗಟ್ಟಿ ಜೋಡ ಬರ್ತೈತಿ.’ ವಿಡಿಯೊ ಇನ್ನಷ್ಟು ಮುಂದೆ ಹೋಗಿ, ಸ್ಟೇನ್‌ಲೆಸ್ ರಾಡ್ ಹಾಕಿ, ಬಿಸಿ ಇರುವಾಗಲೇ ನೀರು ಹೊಡೆಯಿರಿ, ಅಸಿಟಿಲಿನ್ ಸಿಗದಿದ್ದರೆ ಅಡುಗೆ ಗ್ಯಾಸ್ ಸಾಕು ಎನ್ನುತ್ತದೆ.

ನಮ್ಮ ಉತ್ತರ ಚಿಕ್ಕದಾಗಿ ಹೀಗಿದೆ. ಈ ನಾಲ್ಕು ಮಾತುಗಳೂ ತಪ್ಪು. ತೆಳುವಾದ ವಿಮಾನ ಪೈಪಿಗೆ ಬೇಕಾದದ್ದು ಮೆದು ರಾಡ್, ಸಣ್ಣ ಜ್ವಾಲೆ ಮತ್ತು ನಿಧಾನವಾದ ತಣಿಯುವಿಕೆ. ಇದು ಬರೀ ವಾದದ ವಿಷಯವಲ್ಲ. ಗೇಟಿನ ಜೋಡು ಬಿಟ್ಟರೆ ಗೇಟು ವಾಲುತ್ತದೆ. ಐವತ್ತು ಅಡಿ ಎತ್ತರದಲ್ಲಿ ಎಂಜಿನ್ ಹಿಡಿದಿರುವ ಜೋಡು ಬಿಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ವಿಮಾನಕ್ಕೂ ಪೈಪಿಗೂ ಏನು ಸಂಬಂಧ?

ವಿಮಾನವೆಂದರೆ ಅಲ್ಯುಮಿನಿಯಂ ಎಂದುಕೊಂಡವರೇ ಹೆಚ್ಚು. ದೊಡ್ಡ ವಿಮಾನಗಳ ಮಟ್ಟಿಗೆ ಅದು ಬಹುಮಟ್ಟಿಗೆ ಸರಿ. ಆದರೆ ಸಣ್ಣ ವಿಮಾನಗಳ ಲೋಕದಲ್ಲಿ ಉಕ್ಕಿನ ಪೈಪುಗಳನ್ನು ಬೆಸೆದು ಪಂಜರ ಮಾಡಿ, ಅದರ ಮೇಲೆ ಬಟ್ಟೆ ಬಿಗಿದು ಬಣ್ಣ ಬಳಿಯುವ ಪದ್ಧತಿಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧದ ಕಾಲದಲ್ಲೇ ಫೋಕರ್ ಕಂಪನಿ ಬೆಸೆದ ಉಕ್ಕಿನ ಪೈಪಿನ ಯುದ್ಧವಿಮಾನಗಳನ್ನು ಸಾಲುಸಾಲಾಗಿ ತಯಾರಿಸಿತು. ಅಲ್ಲಿ ಈ ಕೆಲಸವನ್ನು ಕಟ್ಟಿ ನಿಲ್ಲಿಸಿದ ರೈನ್‌ಹೋಲ್ಡ್ ಪ್ಲಾಟ್ಸ್ ವೃತ್ತಿಯಿಂದ ವೆಲ್ಡರ್.

ನಮ್ಮ ಕರ್ನಾಟಕದಲ್ಲೂ ಇದು ನಡೆದಿದೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ತಯಾರಿಸಿದ ಎರಡು ಆಸನಗಳ ‘ಪುಷ್ಪಕ್’ ವಿಮಾನ 1958ರ ಸೆಪ್ಟೆಂಬರ್ 28ರಂದು ಮೊದಲ ಬಾರಿ ಹಾರಿತು. ಬೆಸೆದ ಉಕ್ಕಿನ ಪೈಪಿನ ಒಡಲು, ಮೇಲೆ ಬಟ್ಟೆಯ ಹೊದಿಕೆ, ಮುಂದೆ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್. 150ಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳನ್ನು ಸೇರಿದವು. ಅದೇ ಕಾರ್ಖಾನೆ ಅದಕ್ಕೂ ಏಳು ವರ್ಷ ಮೊದಲು, 1951ರಲ್ಲಿ, ಪೂರ್ತಿ ಲೋಹದ ಎಚ್‌ಟಿ-2 ತರಬೇತಿ ವಿಮಾನ ಹಾರಿಸಿತ್ತು. ಹಾಗಾಗಿ ಪೈಪು ಬೆಸೆದದ್ದು ಬೇರೆ ವಿದ್ಯೆ ಗೊತ್ತಿಲ್ಲದೆ ಅಲ್ಲ. ಅಗ್ಗ, ಹಗುರ, ರಿಪೇರಿ ಸುಲಭ ಎಂಬ ಕಾರಣಕ್ಕೆ.

ಅಲ್ಯುಮಿನಿಯಂ ವಿಮಾನಗಳೂ ಪೈಪಿನಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಜಗತ್ತಿನಾದ್ಯಂತ ತರಬೇತಿಗೆ ಬಳಸುವ ಸೆಸ್ನಾ 172ರ ಒಡಲು ಅಲ್ಯುಮಿನಿಯಂ. ಅದರ ಮೂಗಿನ ಮುಚ್ಚಳ ತೆಗೆದು ನೋಡಿದರೆ ಎಂಜಿನ್ನನ್ನು ಹಿಡಿದು ನಿಂತಿರುವುದು ಬೆಸೆದ ಉಕ್ಕಿನ ಪೈಪುಗಳ ಚೌಕಟ್ಟು. ಸಾಂಬ್ರಾ ಕಡೆ ಆಕಾಶದಲ್ಲಿ ಸಣ್ಣ ವಿಮಾನ ಕಂಡಾಗ ಇದೂ ನೆನಪಿರಲಿ.

4130: ಹಗುರ ಉಕ್ಕು ಎಂಬ ಮಾತು

ಈ ಕೆಲಸಕ್ಕೆ ಬಳಸುವ ಉಕ್ಕಿನ ಹೆಸರು 4130. ವಾಡಿಕೆಯಲ್ಲಿ ‘ಕ್ರೋಮೋಲಿ’. ಶೇಕಡಾ 0.3ರಷ್ಟು ಇಂಗಾಲ, ಸುಮಾರು ಶೇ. 1 ಕ್ರೋಮಿಯಂ, ಶೇ. 0.2ರಷ್ಟು ಮಾಲಿಬ್ಡಿನಂ ಇರುವ ಉಕ್ಕು. ‘ಕ್ರೋಮೋಲಿ ಮಾಮೂಲಿ ಕಬ್ಬಿಣಕ್ಕಿಂತ ಹಗುರ’ ಎಂಬ ಮಾತು ಸೈಕಲ್ ಅಂಗಡಿಯಿಂದ ಹಿಡಿದು ಯೂಟ್ಯೂಬ್‌ವರೆಗೆ ಎಲ್ಲೆಡೆ ಕೇಳುತ್ತದೆ. ಅದು ತಪ್ಪು. ಒಂದೇ ಗಾತ್ರದ ತುಂಡು ತೂಗಿದರೆ ಎರಡೂ ಒಂದೇ ತೂಕ. ವ್ಯತ್ಯಾಸ ಇರುವುದು ಬಲದಲ್ಲಿ. ಬಲ ಹೆಚ್ಚಿರುವುದರಿಂದ ಪೈಪಿನ ಗೋಡೆಯನ್ನು ತೆಳು ಮಾಡಬಹುದು, ತೂಕ ಉಳಿಯುವುದು ಹಾಗೆ. ಒಂದು ಇಂಚು ವ್ಯಾಸದ ಪೈಪು 1.6 ಮಿ.ಮೀ. ದಪ್ಪವಿದ್ದರೆ ಮೀಟರಿಗೆ ಸುಮಾರು 0.94 ಕೆ.ಜಿ. ತೂಗುತ್ತದೆ. 0.9 ಮಿ.ಮೀ. ಆದರೆ 0.54 ಕೆ.ಜಿ.

ಈ 0.9 ಮಿ.ಮೀ. ಎಂಬ ಸಂಖ್ಯೆಯನ್ನು ನೆನಪಿಡಿ. ವಿಮಾನದ ಪಂಜರದ ಬಹಳಷ್ಟು ಪೈಪುಗಳ ಗೋಡೆ ಇಷ್ಟೇ ತೆಳು, ಹೆಚ್ಚೆಂದರೆ 1.25 ಮಿ.ಮೀ. ಆಸುಪಾಸು. ಮುಂದೆ ಹೇಳುವ ಸಲಕರಣೆಯ ಲೆಕ್ಕವೆಲ್ಲ ಈ ತೆಳುವಿನ ಮೇಲೆಯೇ ನಿಂತಿದೆ.

ಪೈಪು ಕೊಳ್ಳುವಾಗ ಒಂದು ಎಚ್ಚರಿಕೆ. ಫರ್ನಿಚರ್ ಪೈಪು, ಗ್ರಿಲ್ ಪೈಪು, ನೀರಿನ ಜಿಐ ಪೈಪು ಯಾವುದೂ 4130 ಅಲ್ಲ. ಅಂಗಡಿಯವರು ‘ಇದೇ ಕ್ರೋಮೋಲಿ’ ಎಂದರೆ ಸಾಲದು, ಹೀಟ್ ನಂಬರ್ ಇರುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಗ್ರೈಂಡರಿಗೆ ಹಿಡಿದು ಕಿಡಿ ನೋಡಿ ಉಕ್ಕು ಗುರುತಿಸುವ ಅನುಭವಿಗಳು ಬೆಳಗಾವಿಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರ ಕಣ್ಣಿನ ಮೇಲೆ ನಮಗೆ ಗೌರವವಿದೆ. ಆದರೆ ಜೀವ ತೂಗುಹಾಕುವ ಪೈಪನ್ನು ಕಿಡಿ ನೋಡಿ ಕೊಳ್ಳುವುದು ಬೇಡ.

ಮೆದು ರಾಡ್ ಯಾಕೆ?

ಓದುಗರ ಮುಖ್ಯ ಪ್ರಶ್ನೆ ಇದೇ. ಮೇಲ್ನೋಟಕ್ಕೆ ನಮ್ಮ ಉತ್ತರ ವಿಚಿತ್ರವಾಗಿ ಕಾಣಬಹುದು.

ಗ್ಯಾಸ್ ವೆಲ್ಡಿಂಗ್ ರಾಡ್‌ಗಳಿಗೆ ಅಮೆರಿಕನ್ ವೆಲ್ಡಿಂಗ್ ಸೊಸೈಟಿ ಕೊಟ್ಟ ಹೆಸರುಗಳು ಆರ್45, ಆರ್60. ಹಳೆಯ ಹೆಸರು ಆರ್‌ಜಿ45, ಆರ್‌ಜಿ60. ಸಂಖ್ಯೆ ಸೂಚಿಸುವುದು ಬೆಸುಗೆಯ ಕನಿಷ್ಠ ಎಳೆತದ ಬಲ, ಚದರ ಇಂಚಿಗೆ ಸಾವಿರ ಪೌಂಡ್‌ಗಳಲ್ಲಿ. ನಮ್ಮ ಅಳತೆಯಲ್ಲಿ ಆರ್45 ಎಂದರೆ ಸುಮಾರು 310 ಮೆಗಾಪ್ಯಾಸ್ಕಲ್, ಆರ್60 ಎಂದರೆ ಸುಮಾರು 410. ನಾರ್ಮಲೈಸ್ ಮಾಡಿದ 4130 ಪೈಪಿನ ಬಲವೋ 620ರ ಮೇಲೆ. ಪೈಪಿನ ಅರ್ಧ ಬಲದ ರಾಡಿನಿಂದ ಪೈಪು ಬೆಸೆಯಿರಿ ಎಂದರೆ ಯಾರಿಗಾದರೂ ಅನುಮಾನ ಬರಬೇಕಾದದ್ದೇ.

ಆದರೆ ಬೆಸುಗೆಯಲ್ಲಿ ಉಳಿಯುವುದು ಬರೀ ರಾಡಿನ ಲೋಹವಲ್ಲ. ಕರಗಿದ ಕೊಳದಲ್ಲಿ ಪೈಪಿನ ಲೋಹವೂ ರಾಡಿನ ಲೋಹವೂ ಬೆರೆಯುತ್ತವೆ, ಪೈಪಿನಲ್ಲಿದ್ದ ಕ್ರೋಮಿಯಂ, ಮಾಲಿಬ್ಡಿನಂ, ಇಂಗಾಲ ಕೊಳಕ್ಕೆ ಇಳಿಯುತ್ತವೆ. ತಣಿದ ಬೆಸುಗೆ ರಾಡಿಗಿಂತ ಬಲವಾಗಿರುತ್ತದೆ. ಜೊತೆಗೆ ಬೆಸುಗೆಯ ದಪ್ಪ ಪೈಪಿನ ಗೋಡೆಗಿಂತ ಹೆಚ್ಚಿರುತ್ತದೆ. ಪೈಪಿನ ತುದಿಯನ್ನು ಮೀನಿನ ಬಾಯಿಯಂತೆ ಕತ್ತರಿಸಿ ಇನ್ನೊಂದು ಪೈಪಿಗೆ ಕೂರಿಸುವುದರಿಂದ ಬೆಸುಗೆಯ ಗೆರೆಯೂ ಉದ್ದವಾಗಿ, ಭಾರ ಹಂಚಿಹೋಗುತ್ತದೆ. ರಾಡಿನಲ್ಲಿ ಕಳೆದುಕೊಂಡದ್ದು ಹೀಗೆ ಬೇರೆ ದಾರಿಯಲ್ಲಿ ವಾಪಸು ಬರುತ್ತದೆ.

ಇನ್ನು ಮೆದುತನದಿಂದ ಆಗುವ ಲಾಭ. ಎಂಜಿನ್ ಇಡೀ ಹೊತ್ತು ನಡುಗುತ್ತಿರುತ್ತದೆ, ಇಳಿಯುವಾಗ ಗಾಲಿ ನೆಲಕ್ಕೆ ಬಡಿಯುತ್ತದೆ. ಗಡಸು ಜೋಡು ಇಂಥ ಪೆಟ್ಟಿಗೆ ಬಾಗುವುದಿಲ್ಲ, ಸಣ್ಣ ಬಿರುಕು ಬಿಡುತ್ತದೆ. ಬಿರುಕು ಪ್ರತಿ ನಡುಕಕ್ಕೂ ಒಂದಿಷ್ಟು ಬೆಳೆದು, ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಮುರಿಯುತ್ತದೆ. ಮೆದು ಜೋಡು ತುಸು ಬಾಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಬಳೆಗೂ ಬೆತ್ತಕ್ಕೂ ಇರುವ ವ್ಯತ್ಯಾಸ ಇದು.

ಇದೇ ಕಾರಣಕ್ಕೆ ‘4130 ಪೈಪಿಗೆ 4130 ರಾಡೇ ಸರಿ’ ಎಂಬ ವಾದವೂ ನಿಲ್ಲುವುದಿಲ್ಲ. ಅಂಥ ರಾಡ್ ಇದೆ. ಆದರೆ ಬೆಸೆದ ಮೇಲೆ ಇಡೀ ಭಾಗವನ್ನು ಕುಲುಮೆಗೆ ಹಾಕಿ ಹೀಟ್ ಟ್ರೀಟ್‌ಮೆಂಟ್ ಮಾಡುವ ಕೆಲಸಗಳಿಗೆ ಅದು ಮೀಸಲು. ಹನ್ನೆರಡು ಅಡಿ ಉದ್ದದ ಪಂಜರವನ್ನು ಯಾರೂ ಕುಲುಮೆಗೆ ಹಾಕುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ವಿಮಾನದ್ದೋ ಕಿಟ್‌ದೋ ನಕ್ಷೆ ನಿಮ್ಮ ಬಳಿ ಇದ್ದರೆ ಅದರಲ್ಲಿ ಬರೆದ ರಾಡೇ ಕೊನೆಯ ಮಾತು, ನಮ್ಮದಲ್ಲ. ಕಲಿಯುವವರಿಗೆ ಆರ್45 ಸಾಕು, ಸಲೀಸಾಗಿ ಹರಿಯುತ್ತದೆ, ಕ್ಷಮಿಸುತ್ತದೆ. ನಮ್ಮ ಅಂಗಡಿಗಳಲ್ಲಿ ‘ಸಿಸಿಎಂಎಸ್ ರಾಡ್’ ಎಂದು ಕೇಳಿದರೆ ಸಿಗುವ ತಾಮ್ರ ಲೇಪದ ಮೈಲ್ಡ್ ಸ್ಟೀಲ್ ರಾಡ್ ಇದೇ ಬಳಗದ್ದು. ತಾಮ್ರದ ಆ ತೆಳು ಲೇಪ ಇರುವುದು ತುಕ್ಕು ತಡೆಯಲು, ಬಲ ಹೆಚ್ಚಿಸಲು ಅಲ್ಲ. ನಿಜವಾದ ಚೌಕಟ್ಟಿಗೆ ಆರ್60 ಇನ್ನೂ ಹೆಚ್ಚು ಬಲ ಕೊಡುತ್ತದೆ. ಪ್ಯಾಕಿನ ಮೇಲೆ ದರ್ಜೆ ಮುದ್ರಿಸಿರಬೇಕು. ಬಿಡಿ ಬಿಡಿಯಾಗಿ ಕಟ್ಟಿಟ್ಟ, ಹೆಸರಿಲ್ಲದ ರಾಡ್ ಬೇಡ. 0.9ರಿಂದ 1.25 ಮಿ.ಮೀ. ಗೋಡೆಗೆ 1.6 ಮಿ.ಮೀ. ರಾಡ್ ಸರಿಹೊಂದುತ್ತದೆ. ಗ್ಯಾರೇಜಿನಲ್ಲಿ ಸುಲಭವಾಗಿ ಸಿಗುವ 3.15 ಮಿ.ಮೀ. ರಾಡ್ ಹಿಡಿದರೆ ಅದನ್ನು ಕರಗಿಸುವ ಹೊತ್ತಿಗೆ ಪೈಪಿಗೆ ತೂತು ಬಿದ್ದಿರುತ್ತದೆ. ಬೆಸೆಯುವ ಮುನ್ನ ರಾಡನ್ನೂ ಪೈಪನ್ನೂ ಎಮರಿ ಪೇಪರಿನಿಂದ ಉಜ್ಜಿ, ಎಣ್ಣೆ ಜಿಡ್ಡು ಒರೆಸಿ.

ಇಆರ್70ಎಸ್-2 ಎಂಬ ರಾಡಿನ ಹೆಸರು ವಿಡಿಯೊಗಳಲ್ಲಿ ಪದೇ ಪದೇ ಬರುತ್ತದೆ. ಒಳ್ಳೆಯ ರಾಡ್, 4130 ಪೈಪಿನ ಟಿಗ್ ವೆಲ್ಡಿಂಗಿಗೆ ಬಹಳ ಬಳಕೆಯಲ್ಲಿದೆ. ಆದರೆ ಅದರ ಮಿಶ್ರಣವನ್ನು ರೂಪಿಸಿದ್ದು ಆರ್ಗಾನ್ ಅನಿಲದ ರಕ್ಷಣೆಯಲ್ಲಿ ನಡೆಯುವ ಬೆಸುಗೆಗೆ, ಗ್ಯಾಸ್ ಜ್ವಾಲೆಗಲ್ಲ. ಟಿಗ್ ವಿಡಿಯೊ ನೋಡಿ ಗ್ಯಾಸಿಗೆ ರಾಡ್ ಕೊಳ್ಳಬೇಡಿ.

ಖಂಡಿತ ಹಾಕಬಾರದ ರಾಡ್‌ಗಳು

ಸ್ಟೇನ್‌ಲೆಸ್ ರಾಡ್: ಹೊಳೆಯುತ್ತದೆ, ದುಬಾರಿ, ಹಾಗಾಗಿ ಒಳ್ಳೆಯದಿರಬೇಕು ಎಂಬ ಊಹೆ. 4130ರ ಜೊತೆ ಬೆರೆತಾಗ ಅಂಚಿನಲ್ಲಿ ಗಡಸಾದ, ಪೆಡಸಾದ ಪದರ ಹುಟ್ಟಬಹುದು. ಬಿಸಿಯಾದಾಗ ಸ್ಟೇನ್‌ಲೆಸ್ ಮಾಮೂಲಿ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ, ತಣಿಯುವಾಗ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿ ಜೋಡಿನಲ್ಲಿ ಎಳೆದಾಟ ಉಳಿಯುತ್ತದೆ. ಮೇಲಾಗಿ ಗ್ಯಾಸ್ ಜ್ವಾಲೆಯಲ್ಲಿ ಫ್ಲಕ್ಸ್ ಇಲ್ಲದೆ ಅದು ನೆಟ್ಟಗೆ ಹರಿಯುವುದೂ ಇಲ್ಲ.

ಹಿತ್ತಾಳೆ ರಾಡ್: ಸೈಕಲ್ ಫ್ರೇಮಿಗೆ, ರೇಡಿಯೇಟರಿಗೆ ನಮ್ಮ ಊರುಗಳಲ್ಲಿ ‘ಗ್ಯಾಸ್ ವೆಲ್ಡಿಂಗ್’ ಎಂದರೆ ಬಹಳ ಕಡೆ ಇದೇ. ತನ್ನ ಜಾಗದಲ್ಲಿ ಅದು ಒಳ್ಳೆಯ ವಿದ್ಯೆ. ಆದರೆ ಬಿಗಿತದಲ್ಲಿರುವ ಬಿಸಿ 4130ರ ಕಣಗಳ ನಡುವಿನ ಗೆರೆಗಳಿಗೆ ಕರಗಿದ ತಾಮ್ರ ಇಳಿದರೆ ಉಕ್ಕೇ ಸೀಳುತ್ತದೆ. ಮೂಲ ವಿನ್ಯಾಸದಲ್ಲಿ ಹಿತ್ತಾಳೆ ಬೆಸುಗೆ ಇಲ್ಲದ ಕಡೆ ವಿಮಾನದ ಮುಖ್ಯ ಚೌಕಟ್ಟಿಗೆ ಅದನ್ನು ಬಳಸುವಂತಿಲ್ಲ. ಒಮ್ಮೆ ಹಿತ್ತಾಳೆ ಹಾಕಿದ ಜಾಗದ ಮೇಲೆಯೇ ಉಕ್ಕಿನ ಬೆಸುಗೆ ಮಾಡುವುದಂತೂ ಇನ್ನೂ ಕೆಟ್ಟದ್ದು.

ಆರ್ಕ್ ರಾಡಿನ ಮೇಲಿನ ಲೇಪ ಕುಟ್ಟಿ ತೆಗೆದ ಕಡ್ಡಿ: ಇದು ನಮ್ಮ ಕಡೆಯ ಜುಗಾಡು. ಆ ಕಡ್ಡಿಯ ಲೋಹವನ್ನು ಶುದ್ಧ ಮಾಡುವ ಪದಾರ್ಥಗಳೆಲ್ಲ ಇದ್ದದ್ದು ಕುಟ್ಟಿ ತೆಗೆದ ಲೇಪದಲ್ಲೇ. ಉಳಿದ ಕಡ್ಡಿ ಜ್ವಾಲೆಯಲ್ಲಿ ಗುಳ್ಳೆ ಗುಳ್ಳೆಯಾದ ಬೆಸುಗೆ ಕೊಡುತ್ತದೆ. ಕಟ್ಟಡದ ಬೈಂಡಿಂಗ್ ತಂತಿ, ಬೇಲಿಯ ಜಿಐ ತಂತಿಯ ಬಗ್ಗೆಯೂ ಮಾತು ಬೇಡ.

ನೀರು ಹೊಡೆಯುವ ಅಭ್ಯಾಸ

ಕಮ್ಮಾರರು ಕುಡುಗೋಲನ್ನು ಕೆಂಪಗೆ ಕಾಸಿ ನೀರಿಗೆ ಅದ್ದುವುದನ್ನು ನೋಡಿದವರಿಗೆ ಈ ಸಲಹೆ ಸಹಜವೆನಿಸುತ್ತದೆ. ಅದ್ದಿದರೆ ಉಕ್ಕು ಗಡಸಾಗುತ್ತದೆ ಎಂಬುದು ನಿಜ. ಗಡಸಾಗುವುದೇ ಇಲ್ಲಿ ಸಮಸ್ಯೆ. ಅನುಭವಿ ಕಮ್ಮಾರರು ಅದ್ದಿದ ಮೇಲೆ ಮತ್ತೆ ಹದವಾಗಿ ಕಾಸಿ ಪೆಡಸುತನ ಇಳಿಸುತ್ತಾರೆ, ವಿಡಿಯೊದಲ್ಲಿ ಆ ಭಾಗ ಇರುವುದಿಲ್ಲ. ಶೇ. 0.3 ಇಂಗಾಲದ 4130 ಕೆಂಪಗಿರುವಾಗ ನೀರು ಕಂಡರೆ ಗಾಜಿನಂತೆ ಪೆಡಸಾಗುತ್ತದೆ. ಬಿರುಕು ಕಣ್ಣಿಗೆ ಕಾಣದೆಯೂ ಇರಬಹುದು.

ಒದ್ದೆ ಬಟ್ಟೆ, ಫ್ಯಾನು, ಕಂಪ್ರೆಸರ್ ಗಾಳಿ ಕೂಡ ಬೇಡ. ಬೆಸುಗೆ ಮುಗಿದೊಡನೆ ಜ್ವಾಲೆಯನ್ನು ಥಟ್ಟನೆ ಕಸಿಯದೆ ನಿಧಾನವಾಗಿ ದೂರ ಸರಿಸಿ, ಗಾಳಿ ಬೀಸದ ಜಾಗದಲ್ಲಿ ತಾನಾಗಿ ತಣಿಯಲು ಬಿಡಿ. ಮಳೆಗಾಲದಲ್ಲಿ ಖಾನಾಪುರ ಕಡೆಯ ಶೆಡ್ಡುಗಳಲ್ಲಿ ಗಾಳಿ ಸುಯ್ಯೆಂದು ನುಗ್ಗುತ್ತದೆ. ಅಂಥ ದಿನ ತಗಡು ಅಡ್ಡ ಕಟ್ಟಿಕೊಳ್ಳಿ, ಇಲ್ಲವೇ ಕೆಲಸ ಮುಂದೂಡಿ.

ಟಾರ್ಚ್, ನಾಝಲ್, ರೆಗ್ಯುಲೇಟರ್

ಸಲಕರಣೆಯ ವಿಷಯದಲ್ಲಿ ಬಹಳ ಜನ ಎಡವುವುದು ದೊಡ್ಡದನ್ನು ಕೊಂಡು. ಗ್ಯಾರೇಜಿನ ಕಟಿಂಗ್ ಸೆಟ್ಟನ್ನೇ ತಂದು 0.9 ಮಿ.ಮೀ. ಪೈಪಿಗೆ ಹಿಡಿಯುವುದು ತೆಂಗಿನಕಾಯಿ ಒಡೆಯುವ ಕತ್ತಿಯಿಂದ ಕರಿಬೇವು ಹೆಚ್ಚಿದಂತೆ.

ಬೇಕಾದದ್ದು ಹಗುರವಾದ ಸಣ್ಣ ಟಾರ್ಚ್. ನಾಲ್ಕೈದು ಪೈಪು ಬಂದು ಸೇರುವ ಮೂಲೆಯಲ್ಲಿ ಕೈಯನ್ನು ಸುತ್ತಲೂ ತಿರುಗಿಸುತ್ತ ಬೆಸೆಯಬೇಕು, ಭಾರದ ಟಾರ್ಚ್ ಹಿಡಿದರೆ ಮಣಿಕಟ್ಟು ಸೋಲುತ್ತದೆ, ಜ್ವಾಲೆ ಅಲುಗುತ್ತದೆ. ಅದೇ ಕಾರಣಕ್ಕೆ ಹೋಸ್ ಕೂಡ ತೆಳು ಮತ್ತು ಮೆದುವಾಗಿರಲಿ. ಅಂಗಡಿಯಲ್ಲಿ ಲೋ ಪ್ರೆಷರ್, ಹೈ ಪ್ರೆಷರ್ ಎಂದು ಎರಡು ಬಗೆಯ ಬ್ಲೋ ಪೈಪು ತೋರಿಸುತ್ತಾರೆ. ಲೋ ಪ್ರೆಷರ್ ಎಂಬುದು ಕಾರ್ಬೈಡ್ ಡಬ್ಬಿಯಿಂದ ಗ್ಯಾಸ್ ತೆಗೆಯುವ ಹಳೆಯ ಪದ್ಧತಿಗೆ ಮಾಡಿದ್ದು. ಡಿಎ ಸಿಲಿಂಡರ್ ಬಳಸುವವರಿಗೆ ಹೈ ಪ್ರೆಷರ್ ಬ್ಲೋ ಪೈಪು. ಹೆಸರು ಕೇಳಿ ಹೆದರಬೇಡಿ, ಅದರಲ್ಲೂ ನೀವು ಇಡುವ ಒತ್ತಡ ತೀರಾ ಕಡಿಮೆಯೇ.

ನಾಝಲ್ ತೂತು ಈ ಗೋಡೆಗೆ ಸುಮಾರು 0.8 ಮಿ.ಮೀ. ಇದ್ದರೆ ಸಾಕು. ನಮ್ಮ ಐಟಿಐಗಳಲ್ಲಿ ಬಳಸುವ ಲೆಕ್ಕದಲ್ಲಿ 1 ಅಥವಾ 2ನೇ ನಂಬರ್. ಮೂರ್ನಾಲ್ಕು ಪೈಪು ಸೇರುವ ಮೂಲೆ ಹೆಚ್ಚು ಬಿಸಿ ಕುಡಿಯುತ್ತದೆ, ಅಲ್ಲಿಗೆ ಒಂದು ನಂಬರ್ ದೊಡ್ಡದು. ಸಣ್ಣ ನಾಝಲಿಗೆ ಒತ್ತಡ ಹೆಚ್ಚಿಸಿ ದೊಡ್ಡ ಜ್ವಾಲೆ ಮಾಡಲು ಹೋದರೆ ಅದು ಸುಯ್ಯೆಂದು ಊದಿ ಕರಗಿದ ಲೋಹವನ್ನೇ ಚೆದುರಿಸುತ್ತದೆ.

ಒತ್ತಡ ಎರಡೂ ಕಡೆ ಚದರ ಸೆಂ.ಮೀ.ಗೆ 0.15ರಿಂದ 0.3 ಕೆ.ಜಿ. ಇಲ್ಲಿ ರೆಗ್ಯುಲೇಟರಿನ ಮಹತ್ವ ಬರುತ್ತದೆ. ಕಟಿಂಗಿಗೆ ಮಾಡಿದ ದೊಡ್ಡ ಗೇಜಿನಲ್ಲಿ 0.2 ಎಲ್ಲಿದೆ ಎಂದೇ ಕಾಣುವುದಿಲ್ಲ, ಮುಳ್ಳು ಸೊನ್ನೆಯ ಪಕ್ಕ ಒರಗಿಕೊಂಡಿರುತ್ತದೆ. ಕಡಿಮೆ ವ್ಯಾಪ್ತಿಯ ಗೇಜು ಇರುವ, ಸಾಧ್ಯವಾದರೆ ಎರಡು ಹಂತದ ರೆಗ್ಯುಲೇಟರ್ ಕೊಳ್ಳಿ. ಸಿಲಿಂಡರ್ ಖಾಲಿಯಾಗುತ್ತ ಬಂದರೂ ಜ್ವಾಲೆ ಬದಲಾಗದೆ ನಿಲ್ಲುತ್ತದೆ. ನಮ್ಮನ್ನು ಕೇಳಿದರೆ, ಹಣ ಉಳಿಸಲು ಟಾರ್ಚ್ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು, ರೆಗ್ಯುಲೇಟರ್ ಬೇಡ.

ಜ್ವಾಲೆ ನ್ಯೂಟ್ರಲ್ ಇರಬೇಕು. ಅಸಿಟಿಲಿನ್ ಮೊದಲು ಹಚ್ಚಿ, ಆಕ್ಸಿಜನ್ ನಿಧಾನವಾಗಿ ಬಿಡುತ್ತ ಹೋದರೆ ಒಳಗಿನ ಬಿಳಿ ಮೊನೆಯ ಸುತ್ತ ಗರಿಯಂಥ ಇನ್ನೊಂದು ಬಿಳಿ ಜ್ವಾಲೆ ಕಾಣುತ್ತದೆ. ಅದು ಕುಗ್ಗಿ ಮೊನೆಯೊಳಗೆ ಸೇರಿಕೊಂಡ ಕ್ಷಣವೇ ನ್ಯೂಟ್ರಲ್. ಗರಿಯ ಸಣ್ಣ ಸುಳಿವು ಉಳಿದಿದ್ದರೂ ಕ್ರೋಮೋಲಿಗೆ ತೊಂದರೆಯಿಲ್ಲ. ಆಕ್ಸಿಜನ್ ಹೆಚ್ಚಾಗಿ ಮೊನೆ ಚೂಪಾಗಿ, ಸದ್ದು ಮಾಡಿ, ಕೊಳ ಕಿಡಿ ಹಾರಿಸತೊಡಗಿದರೆ ಉಕ್ಕು ಸುಡುತ್ತಿದೆ ಎಂದರ್ಥ. ಕಣ್ಣಿಗೆ 5ನೇ ಶೇಡಿನ ಗ್ಯಾಸ್ ವೆಲ್ಡಿಂಗ್ ಕನ್ನಡಕ ಬೇಕು, ಬಿಸಿಲಿನ ಕೂಲಿಂಗ್ ಗ್ಲಾಸ್ ಆಗದು.

ಅಡುಗೆ ಗ್ಯಾಸಿನಿಂದ ಆಗುವುದಿಲ್ಲವೇ?

ಉಕ್ಕು ಕತ್ತರಿಸಲು, ಹಿತ್ತಾಳೆ ಹಾಕಲು, ಪೈಪು ಕಾಸಿ ಬಗ್ಗಿಸಲು ಎಲ್‌ಪಿಜಿ-ಆಕ್ಸಿಜನ್ ಧಾರಾಳವಾಗಿ ಬಳಕೆಯಲ್ಲಿದೆ. ಹಾಗಾಗಿ ಬೆಸೆಯಲೂ ಆಗಬೇಕು ಎಂಬ ತರ್ಕ. ಅಸಿಟಿಲಿನ್ ಜ್ವಾಲೆ 3,100 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಎಲ್‌ಪಿಜಿಯದ್ದು ಸುಮಾರು 2,800. ಉಕ್ಕು 1,430ರ ಹತ್ತಿರ ಕರಗುವುದರಿಂದ ಎರಡೂ ಸಾಕಲ್ಲವೇ ಎಂದು ಕೇಳಬಹುದು. ವ್ಯತ್ಯಾಸ ಬರೀ ತಾಪಮಾನದ್ದಲ್ಲ. ಅಸಿಟಿಲಿನ್ ಜ್ವಾಲೆಯ ಬಿಸಿ ಮೊನೆಯ ತುದಿಯಲ್ಲಿ ಒಟ್ಟುಗೂಡುತ್ತದೆ, ಮತ್ತು ಆ ಮೊನೆಯ ಸುತ್ತಲಿನ ಅನಿಲ ಗಾಳಿಯ ಆಕ್ಸಿಜನ್ ಕೊಳಕ್ಕೆ ತಾಗದಂತೆ ಕಾಯುತ್ತದೆ. ಟಿಗ್‌ನಲ್ಲಿ ಆರ್ಗಾನ್ ಮಾಡುವ ಕೆಲಸವನ್ನು ಇಲ್ಲಿ ಜ್ವಾಲೆಯೇ ಮಾಡುತ್ತದೆ. ಎಲ್‌ಪಿಜಿ ಜ್ವಾಲೆಯನ್ನು ಬೆಸೆಯುವಷ್ಟು ಬಿಸಿ ಮಾಡಿದರೆ ಅದರಲ್ಲಿ ಆಕ್ಸಿಜನ್ ಹೆಚ್ಚಾಗಿ ಉಕ್ಕು ಸುಡುತ್ತದೆ, ಬೆಸುಗೆ ನೊರೆನೊರೆಯಾಗುತ್ತದೆ. ಮನೆಯ ಸಬ್ಸಿಡಿ ಸಿಲಿಂಡರನ್ನು ವರ್ಕ್‌ಶಾಪಿಗೆ ಒಯ್ಯುವುದು ಕಾನೂನುಬಾಹಿರವೂ ಹೌದು.

ರೆಗ್ಯುಲೇಟರಿಗೆ ಒಂದು ತೊಟ್ಟು ಎಣ್ಣೆ: ದಯವಿಟ್ಟು ಈ ಭಾಗವನ್ನು ಹಂಚಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ. ಆಕ್ಸಿಜನ್ ಸಿಲಿಂಡರಿನ ವಾಲ್ವ್ ಬಿಗಿಯಾಗಿದ್ದರೆ, ರೆಗ್ಯುಲೇಟರಿನ ನಟ್ಟು ತಿರುಗದಿದ್ದರೆ ‘ಒಂದು ತೊಟ್ಟು ಎಣ್ಣೆ ಬಿಡಿ’ ಎನ್ನುವವರಿದ್ದಾರೆ. ಮನೆಯ ಬಾಗಿಲ ತಿರುಗಣಿಗೆ ಬಿಟ್ಟಂತೆ. ಎಂದಿಗೂ ಬಿಡಬೇಡಿ. ತುಂಬಿದ ಆಕ್ಸಿಜನ್ ಸಿಲಿಂಡರಿನಲ್ಲಿ ಚದರ ಸೆಂ.ಮೀ.ಗೆ ಸುಮಾರು 150 ಕೆ.ಜಿ. ಒತ್ತಡ ಇರುತ್ತದೆ. ಆ ಒತ್ತಡದ ಶುದ್ಧ ಆಕ್ಸಿಜನ್ ಎಣ್ಣೆ ಅಥವಾ ಗ್ರೀಸಿಗೆ ತಾಗಿದರೆ ಬೆಂಕಿಕಡ್ಡಿ ಬೇಕಿಲ್ಲ, ತಾನೇ ಹೊತ್ತಿಕೊಂಡು ರೆಗ್ಯುಲೇಟರ್ ಸಿಡಿಯಬಹುದು. ಗ್ರೀಸ್ ಮೆತ್ತಿದ ಕೈ, ಎಣ್ಣೆಯ ಚಿಂದಿ ಕೂಡ ಹತ್ತಿರ ಬೇಡ. ಬಟ್ಟೆಯ ಧೂಳನ್ನು ಆಕ್ಸಿಜನ್ ಹೋಸಿನಿಂದ ಊದಿಕೊಳ್ಳುವ ಚಟವೂ ಅಷ್ಟೇ ಅಪಾಯಕಾರಿ. ಬಟ್ಟೆಯೊಳಗೆ ಆಕ್ಸಿಜನ್ ತುಂಬಿಕೊಂಡಿರುತ್ತದೆ, ಆಮೇಲೆ ಒಂದು ಕಿಡಿ ಸಾಕು.

ಅಸಿಟಿಲಿನ್‌ದು ಬೇರೆ ಸ್ವಭಾವ. ಮಾವು ಹಣ್ಣು ಮಾಡಲು ಕದ್ದು ಬಳಸುವ, ಸರ್ಕಾರ ನಿಷೇಧಿಸಿರುವ ಕಾರ್ಬೈಡಿಗೆ ತೇವ ತಾಗಿದಾಗ ಹೊರಡುವುದೂ ಇದೇ ಅನಿಲ. ಬೆಳ್ಳುಳ್ಳಿಯಂಥ ವಾಸನೆಯಿಂದ ಗುರುತು ಸಿಗುತ್ತದೆ. ಒತ್ತಡ ಚದರ ಸೆಂ.ಮೀ.ಗೆ 1 ಕೆ.ಜಿ. ದಾಟಿದರೆ ಅದು ಗಾಳಿಯ ಸಹಾಯವೇ ಇಲ್ಲದೆ ಒಡೆದು ಸಿಡಿಯಬಲ್ಲದು. ಆದ್ದರಿಂದಲೇ ಸಿಲಿಂಡರಿನೊಳಗೆ ಅದನ್ನು ಸ್ಪಂಜಿನಂಥ ಪದಾರ್ಥದಲ್ಲಿ ಹೀರಿಕೊಂಡ ಅಸಿಟೋನಿನಲ್ಲಿ ಕರಗಿಸಿಟ್ಟಿರುತ್ತಾರೆ. ಡಿಎ ಎಂಬ ಹೆಸರಿಗೆ ‘ಕರಗಿದ ಅಸಿಟಿಲಿನ್’ ಎಂದೇ ಅರ್ಥ. ಸಿಲಿಂಡರ್ ಮಲಗಿಸಿ ಬಳಸಿದರೆ ಅಸಿಟೋನ್ ಹೊರಗೆ ಬರುತ್ತದೆ. ಟಂಟಂನಲ್ಲಿ ಅಡ್ಡ ಮಲಗಿಸಿ ತಂದಿದ್ದರೆ ಕೂಡಲೇ ಹಚ್ಚಬೇಡಿ, ನೆಟ್ಟಗೆ ನಿಲ್ಲಿಸಿ ಕೆಲವು ಗಂಟೆ ಕಾಯಿರಿ.

ನಮ್ಮ ದೇಶದಲ್ಲಿ ಕೈಗಾರಿಕಾ ಆಕ್ಸಿಜನ್ ಸಿಲಿಂಡರ್ ಕಪ್ಪು, ಅಸಿಟಿಲಿನ್‌ದು ಮರೂನ್. ಹೋಸುಗಳಲ್ಲಿ ಆಕ್ಸಿಜನ್‌ಗೆ ನೀಲಿ, ಅಸಿಟಿಲಿನ್‌ಗೆ ಕೆಂಪು. ಅಸಿಟಿಲಿನ್ ನಟ್ಟು ಎಡಕ್ಕೆ ತಿರುಗಿಸಿ ಬಿಗಿಯುವಂಥದ್ದು, ಅದರ ಮೈಮೇಲೆ ಗೀರು ಇರುತ್ತದೆ. ಅದಲು ಬದಲಾಗಬಾರದೆಂದೇ ಹಾಗೆ ಮಾಡಿದ್ದು, ಅಡಾಪ್ಟರ್ ಹಾಕಿ ಜಾಣತನ ತೋರಬೇಡಿ. ಎರಡೂ ಸಾಲಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಹಾಕಿಸಿ. ಸೋರಿಕೆಯನ್ನು ಸೋಪಿನ ನೊರೆಯಿಂದ ಪರೀಕ್ಷಿಸಿ. ಹೋಸ್ ತುಂಡಾದಾಗ ನಡುವೆ ತಾಮ್ರದ ಕೊಳವೆ ಸಿಕ್ಕಿಸಿ ಜೋಡಿಸುವುದೂ ತಪ್ಪು. ಅಸಿಟಿಲಿನ್ ಮತ್ತು ತಾಮ್ರ ಸೇರಿ ಪೆಟ್ಟಿಗೇ ಸಿಡಿಯುವ ಪದಾರ್ಥ ಉಂಟಾಗುತ್ತದೆ.

ಹೊಗೆಗೆ ಬೆಲ್ಲ ಮದ್ದೇ?

ವೆಲ್ಡಿಂಗ್, ಫೌಂಡ್ರಿ ಕೆಲಸದವರಿಗೆ ಬೆಲ್ಲ ಇಲ್ಲವೇ ಹಾಲು ಕೊಡುವ ರೂಢಿ ಇದೆ. ತಿನ್ನುವುದಕ್ಕೆ ಅಡ್ಡಿಯಿಲ್ಲ, ಆದರೆ ನಾವು ತಿಂದದ್ದು ಹೊಟ್ಟೆಗೆ ಹೋಗುತ್ತದೆ, ಹೊಗೆ ಶ್ವಾಸಕೋಶಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲಿ ವೆಲ್ಡಿಂಗ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಜಿಐ ಪೈಪು ಬೆಸೆದರೆ ಸತುವಿನ ಬಿಳಿ ಹೊಗೆ ಎದ್ದು, ಕೆಲವು ಗಂಟೆಗಳ ಬಳಿಕ ಚಳಿಜ್ವರ ಬರಬಹುದು. ಬೆಲ್ಲ ಮಾಸ್ಕಿಗೂ ಕಿಟಕಿಗೂ ಬದಲಿಯಲ್ಲ.

ಗ್ಯಾಸ್ ಹಳೆಯದು, ಟಿಗ್ಗೇ ಸರಿ ಎನ್ನುವವರಿಗೆ

ಇಂದು ಕಾರ್ಖಾನೆಗಳಲ್ಲಿ 4130 ಪೈಪಿಗೆ ಹೆಚ್ಚಾಗಿ ಬಳಸುವುದು ಟಿಗ್ ಎಂಬುದು ನಿಜ. ವೇಗ ಹೆಚ್ಚು, ಸೊಟ್ಟಗಾಗುವುದು ಕಡಿಮೆ, ಕೆಲಸ ಚೊಕ್ಕ. ಆದರೆ ‘ಗ್ಯಾಸ್ ಬೆಸುಗೆ ದುರ್ಬಲ’ ಎಂಬುದು ಸುಳ್ಳು. ದಶಕಗಳ ಕಾಲ ಸಣ್ಣ ವಿಮಾನಗಳ ಪಂಜರಗಳು ಗ್ಯಾಸಿನಲ್ಲೇ ಬೆಸೆದುಕೊಂಡು ಹಾರಿವೆ. ಅಗಲಕ್ಕೆ ಹರಡುವ ಅದರ ಜ್ವಾಲೆ ಸುತ್ತಲ ಜಾಗವನ್ನೂ ಕಾಸಿ, ನಿಧಾನವಾಗಿ ತಣಿಯಲು ಬಿಡುವುದರಿಂದ ಅಂಚು ಅಷ್ಟು ಗಡಸಾಗುವುದಿಲ್ಲ. ಅದೇ ಬಿಸಿ ಪಂಜರವನ್ನು ಸೊಟ್ಟಗೂ ಮಾಡುತ್ತದೆ, ಹಾಗಾಗಿ ಎಲ್ಲ ಮೂಲೆಗಳನ್ನು ಮೊದಲು ಚುಕ್ಕಿ ಬೆಸುಗೆಯಿಂದ ಹಿಡಿದು, ಎದುರುಬದುರಾಗಿ ಮುಗಿಸುತ್ತ ಬರಬೇಕು. ಎರಡೂ ಕೈಬರುವವರಿಗೆ ನಮ್ಮ ಮತ ಟಿಗ್ ಕಡೆ. ಕರೆಂಟಿನ ಭರವಸೆ ಇಲ್ಲದ, ಟಿಗ್ ಮಷೀನಿಗೆ ದುಡ್ಡಿಲ್ಲದ ಮೂವರು ಹುಡುಗರಿಗೆ ಗ್ಯಾಸ್.

ಚೌಕಟ್ಟು ಕಟ್ಟಿ ನೆಲದ ಮೇಲೆ ಇಟ್ಟುಕೊಂಡು ಕಲಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದನ್ನು ಹಾರಿಸುವುದು ನಾಗರಿಕ ವಿಮಾನಯಾನ ನಿರ್ದೇಶನಾಲಯದ, ಅಂದರೆ ಡಿಜಿಸಿಎ ನಿಯಮಗಳಿಗೆ ಒಳಪಟ್ಟದ್ದು. ಸಾಂಬ್ರಾದಲ್ಲಿ ವಿಮಾನ ನಿಲ್ದಾಣವೂ ವಾಯುಪಡೆಯ ತರಬೇತಿ ಕೇಂದ್ರವೂ ಇರುವ ಬೆಳಗಾವಿಯಲ್ಲಿ ‘ಒಂದು ಸುತ್ತು ಹಾರಿಸಿ ನೋಡೋಣ’ ಎಂಬ ಮಾತೇ ಬೇಡ.

ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಹ್ಯಾಕ್ಸಾದ್ದು. ಒಂದು ಮೀಟರ್ 4130 ಪೈಪು ಕೊಂಡು ತುಂಡು ಮಾಡಿ, ಮೀನಿನ ಬಾಯಿ ಕತ್ತರಿಸಿ. ಎರಡು ತುಂಡಿನ ನಡುವೆ ಬೆಳಕು ಕಾಣದಷ್ಟು ಫೈಲಿನಿಂದ ಉಜ್ಜಿ ಕೂರಿಸಿ. ಸಂದು ಬಿಟ್ಟು ರಾಡಿನಿಂದ ತುಂಬುವ ಗ್ರಿಲ್ ಕೆಲಸದ ರೂಢಿ ಇಲ್ಲಿ ನಡೆಯದು. ಬೆಸೆದು ಪೂರ್ತಿ ತಣಿದ ಮೇಲೆ ಒಂದು ತುಂಡನ್ನು ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಗ್ಗಿಸಿ. ಪೈಪು ನುಗ್ಗಾಗಬೇಕು, ಬೆಸುಗೆ ಬಿಡಬಾರದು. ಇನ್ನೊಂದನ್ನು ಜೋಡಿನ ನಡುವೆ ಉದ್ದಕ್ಕೆ ಕೊಯ್ದು ಒಳಗೆ ನೋಡಿ. ಎರಡು ಲೋಹ ಒಂದಾಗಿ, ಬೇರಿನ ತನಕ ಕರಗಿ ಹೋಗಿದ್ದರೆ ಸರಿ. ಒಳಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದಿದ್ದರೆ ಮೇಲಿನ ಬೆಸುಗೆ ಎಷ್ಟೇ ಅಂದವಾಗಿದ್ದರೂ ಆ ತುಂಡು ಗುಜರಿಗೆ, ಮತ್ತೆ ಹೊಸ ತುಂಡು ವೈಸಿಗೆ.